ಸಿಂಗಲ್ ಓನರ್

ಮಡಗಾಂವದ ಬೋರ್ಡಾದಲ್ಲಿ, ಹಂಚಿನ ಪೋರ್ಚಿನ ಕೆಳಗೆ,
ಕುಡಿಗಣ್ಣಿನಂಥ ಹೆಡ್‌ಲೈಟಿನ
ನೇರಳೆಹಣ್ಣಿನ ಬಣ್ಣದ ಸೆಡಾನು.
ಹನ್ನೊಂದು ವರ್ಷದ್ದು ಅಂದರೆ ಯಾರೂ ನಂಬರು.
ಬೆನ್ನು ಇಳಿಜಾರು, ಸೊಂಟ ಸಪೂರ.
"ಮುಖದಾಗ ತೋರಿಸಬ್ಯಾಡ್ರೀ ಅಕ್ಕಾ,
ರೇಟು ಏರತೈತಿ," ಅಂದ ದಾವಲ,
ಅಂಗಿ ಬಿಚ್ಚಿ ಗೇಟಿಗೆ ಸಿಕ್ಕಿಸಿ
ಟಾರ್ಚು ಕಚ್ಚಿಕೊಂಡು ಗಾಡಿಯ ಕೆಳಗೆ ನುಸುಳಿದ.

"ಸೈಲೆನ್ಸರಿಗೆ ಉಪ್ಪುಗಾಳಿ ತುಕ್ಕು, ಅದು ಇರೂದ.
ಬುಶ್ಶು ಹೋಗ್ಯಾವ.
ಹೊಟ್ಟಿ ಎರಡು ಕಡೆ ಕೆರಕೊಂಡಾಳ,
ಹಂಪು ಅಂದ್ರ ಆಗೂದಿಲ್ಲ ಈಕಿಗೆ."

ನಾನು ಡಿಕ್ಕಿ ತೆಗೆದು ಮನಸ್ಸಿನಲ್ಲೇ ಡಬ್ಬಿ ಜೋಡಿಸಿದೆ:
ರೊಟ್ಟಿಯವು ಆರು, ಪಲ್ಯದವು ಮೂರು,
ಶೇಂಗಾ ಹಿಂಡಿ ಮೂಲೆಗೆ.
ಮೊಸರಿನ ಕ್ಯಾನು ಮಾತ್ರ ನಿಲ್ಲದು, ಮಲಗಿಸಿದರೆ ಚೆಲ್ಲುತ್ತದೆ.
ಮುಂದಿನ ಸೀಟಿಗೆ ಬೆಲ್ಟು ಬಿಗಿದು ಕೂರಿಸಬೇಕು
ತವರಿಗೆ ಹೊರಟ ಚೊಚ್ಚಲ ಬಸುರಿಯ ಹಾಗೆ.

ವ್ಯಾನು ತಗೋ ಅಂದಿದ್ದ ಗಂಡ. ಅವನ ಮಾತೇ ಸರಿ.
ಹದಿನಾಲ್ಕು ವರ್ಷ ವಾಸ್ಕೋದ ಕ್ಯಾಂಟೀನುಗಳಿಗೆ
ನಮ್ಮ ರೊಟ್ಟಿ ಹೊತ್ತದ್ದು ಅಂಥದೇ ತಗಡು.
ಆದರೆ ಇದರ ಬಾಗಿಲು ಹಾಕಿ ನೋಡಿ:
ತುಂಬಿದ ಜೋಳದ ಚೀಲ ನೆಲಕ್ಕಿಳಿಸಿದ ಹಾಗೆ
ಧಪ್.
ಪರೀಕ್ಷೆಯ ನೆಪದಲ್ಲಿ ಮೂರು ಸಲ ತೆಗೆದೆ, ಹಾಕಿದೆ.

ಎರ್ಮೆಲಿಂಡಾ ಬಾಯಿ ಕರಿ ಗೌನಿನಲ್ಲಿ ಮೆಟ್ಟಿಲ ಮೇಲೆ ನಿಂತಿದ್ದರು.
"ನಮ್ಮವರು ಒಬ್ಬರೇ ಓಡಿಸಿದ್ದು.
ಇಗರ್ಜಿ, ಬ್ಯಾಂಕು, ಗುರುವಾರ ಪಣಜಿಯ ಕಚೇರಿ.
ಬೇರೆ ಕಡೆ ಗಾಲಿ ಹೊರಳಿಸಿದವರಲ್ಲ.
ಅರವತ್ತೊಂದು ಸಾವಿರ ಕಿಲೋಮೀಟರು, ಕಾಗದ ನೋಡಿ."
ನೋಡಿದೆ. ವಿಮೆ ಮುಗಿದು ಎರಡು ತಿಂಗಳು.
ಚೌಕಾಸಿಗೆ ಅಷ್ಟು ಸಾಲದು.

ಹಿಂಬಾಗಿಲ ರಬ್ಬರಿನ ಮಡಿಕೆಗೆ ಬೆರಳಿಟ್ಟು ಎಳೆದೆ.

ಗೋವೆಯ ನೆಲವೆಲ್ಲ ಕೆಂಪೇ, ನಿಜ.
ಆದರೆ ಜಂಬಿಟ್ಟಿಗೆ ಮಣ್ಣು ಒಣಗಿದರೆ ಉದುರುತ್ತದೆ.
ಇದು ಉದುರಲಿಲ್ಲ. ಬೆರಳಿನ ಗೆರೆಗಳಿಗೆ ಇಳಿದು ಕೂತಿತು,
ಬಿಸಿಲಿಗೆ ಹಿಡಿದರೆ ಮಿನುಗಿತು.
ಸಾವರ್ಡೆಯಲ್ಲಿ ಟಿಪ್ಪರು ಓಡಿಸಿದ ಅಪ್ಪನ ಬನಿಯನ್ನು
ಮೂರು ನೀರಿಗೂ ಬಿಡದಿದ್ದರೆ
ನಾಲ್ಕನೆಯ ನೀರಿಗೆ ಅವ್ವ ಗಣಿಯನ್ನೇ ಬೈಯುತ್ತಿದ್ದಳು.
ನನಗೆ ಗೊತ್ತಿಲ್ಲದ ಕೆಂಪಲ್ಲ.

"ಅದಿರಿನ ಧೂಳು ಬಾಯಿ," ಅಂದೆ, ಗೆದ್ದ ದನಿಯಲ್ಲಿ,
"ಸಾವರ್ಡೆಯ ರಸ್ತೆಯದು. ಒಂದೆರಡು ಸಲದ್ದಲ್ಲ,
ವರ್ಷಗಟ್ಟಲೆಯದು. ಇಪ್ಪತ್ತು ಸಾವಿರ ಇಳಿಸಿ."

ಬಾಯಿ ನನ್ನನ್ನು ನೋಡಲಿಲ್ಲ. ಬೆರಳನ್ನು ನೋಡಿದರು.
"ಸಾವರ್ಡೆಯಲ್ಲಿ ನಮಗೆ ಯಾರೂ ಇಲ್ಲವಲ್ಲ," ಅಂದರು.
ಪಕ್ಕದ ಮನೆಯಲ್ಲಿ ಕುಕ್ಕರು ಕೂಗಿ ಸುಮ್ಮನಾಯಿತು.
"ಇಲ್ಲಿಂದ ಹೋಗಿ ಬರಲು ಎಷ್ಟು ಕಿಲೋಮೀಟರು?"
ಏನೊಂದೂ ತಿಳಿಯದ ದಾವಲ, ಗಾಡಿಯ ಕೆಳಗಿನಿಂದ:
"ಐವತ್ತು ಹಿಡೀರಿ ಬಾಯಿ, ಸಲೀಸು ರೋಡು."

ಐವತ್ತು. ವಾರಕ್ಕೊಂದು ಗುರುವಾರ. ಹನ್ನೊಂದು ವರ್ಷ.
ಅವರ ತುಟಿ ಅಲುಗುತ್ತಿತ್ತು.
ನಾನೂ ಗುಣಿಸಿದೆ, ವ್ಯಾಪಾರದ ಬುದ್ಧಿ, ತಡೆಯಲಾಗಲಿಲ್ಲ:
ಹತ್ತಿರ ಹತ್ತಿರ ಮೀಟರಿನ ಅರ್ಧ.

"ಮಳೆಗಾಲದ ಮಣ್ಣೂ ಇದ್ದೀತು," ಅಂದೆ,
ಬೆರಳನ್ನು ಸೆರಗಿಗೆ ಒರೆಸಿದೆ. ಹೋಗಲಿಲ್ಲ.
"ನೀವು ಮೊದಲು ಹೇಳಿದ್ದೇ ಇರಲಿ."
ಒಳಗೆ ಹೋಗಿ ಎರಡನೆಯ ಕೀಲಿಯನ್ನೂ ತಂದು
ನನ್ನ ಅಂಗೈಗೆ ಹಾಕಿದರು. "ಇಪ್ಪತ್ತಲ್ಲ,
ಮೂವತ್ತು ಕಳೆಯಿರಿ. ಆದರೆ ಇವತ್ತೇ ಒಯ್ಯಿರಿ."

ಒಳ್ಳೇ ಸೌದಾ ಅಂತ ದಾರಿಯುದ್ದಕ್ಕೂ ಹೊಗಳಿದ ದಾವಲ.
ವೆರ್ಣಾದ ಹಂಪಿಗೆ ಹೊಟ್ಟೆ ಒಮ್ಮೆ ಕೆರೆಯಿತು,
ಇಬ್ಬರೂ ಹಲ್ಲು ಕಚ್ಚಿದೆವು.
ಡಿಕ್ಕಿಗೆ ರೊಟ್ಟಿ ಡಬ್ಬಿ ಆರಲ್ಲ, ಐದೇ ಹಿಡಿದವು.
ಮೊಸರಿನ ಕ್ಯಾನು ದಿನವೂ ಮುಂದೆ ಕೂತು ಬರುತ್ತದೆ.
ಗುರುವಾರ ಬೆಳಗ್ಗೆ ಬಾಗಿಲು ಹಾಕುವಾಗ ಮಾತ್ರ
ಆ ಸದ್ದನ್ನು ಕೇಳಿಸಿಕೊಳ್ಳದ ಹಾಗೆ
ಏನಾದರೂ ಮಾತಾಡುತ್ತೇನೆ, ಕ್ಯಾನಿನ ಜೊತೆಗಾದರೂ.